ಕರ್ತೃವಿಲ್ಲದ ತೀರ್ಪು

ಪ್ರಿಯ ಲೇಖಕರೇ,

ನ್ಯೂಯಾರ್ಕ್ ನಗರದ ಮಾನವ ಹಕ್ಕುಗಳ ಆಯೋಗವು ತಾರತಮ್ಯ ಮತ್ತು ಕಿರುಕುಳದ ದೂರುಗಳನ್ನು ಹೇಗೆ ಇತ್ಯರ್ಥಪಡಿಸುತ್ತದೆ ಎಂಬ ನಿಮ್ಮ ಲೇಖನ ತಲುಪಿತು. ವಿಷಯ ಒಳ್ಳೆಯದು, ಶ್ರಮ ಕಾಣುತ್ತದೆ. ಮೇಲಧಿಕಾರಿಯ ಕಾಟ ತಾಳಲಾರದೆ ದೂರು ಬರೆಯಲು ಕುಳಿತ ಹೆಂಗಸಿನಿಂದ ಆರಂಭಿಸಿರುವುದೂ ಸರಿಯಾಗಿದೆ. ಹೊಗಳಿಕೆ ಇಷ್ಟು ಸಾಕು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು, ಅದರ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ವಾಕ್ಯ: 'ದೂರನ್ನು ಪರಿಶೀಲಿಸಲಾಗುತ್ತದೆ, ಸತ್ಯಾಂಶ ಕಂಡುಬಂದಲ್ಲಿ ವಿಚಾರಣೆ ನಡೆಸಲಾಗುತ್ತದೆ, ಬಳಿಕ ತೀರ್ಪು ನೀಡಲಾಗುತ್ತದೆ, ತಪ್ಪಿತಸ್ಥರಿಗೆ 2,50,000 ಡಾಲರ್‌ವರೆಗೆ ದಂಡ ವಿಧಿಸಲಾಗುತ್ತದೆ.' ಕ್ರಿಯಾಪದಗಳು ಸಾಲುಗಟ್ಟಿವೆ, ಕರ್ತೃ ಒಬ್ಬನೂ ಇಲ್ಲ. ದೆವ್ವದ ಮನೆಯಲ್ಲಿ ಪಾತ್ರೆಗಳು ತಾವಾಗಿಯೇ ಸರಿದಾಡುವ ಹಾಗೆ ನಿಮ್ಮ ಆಯೋಗದಲ್ಲಿ ಕಡತಗಳು ಸರಿದಾಡುತ್ತವೆ.

ಪರಿಶೀಲಿಸುವವರು ಯಾರು? ಆಯೋಗದ ಕಾನೂನು ಜಾರಿ ವಿಭಾಗ. ಅದು ದೂರನ್ನು ಎದುರಾಳಿಗೆ ತಲುಪಿಸಿ ಉತ್ತರ ಪಡೆಯುತ್ತದೆ, ಸಾಕ್ಷಿಗಳನ್ನು ಮಾತನಾಡಿಸುತ್ತದೆ, ದಾಖಲೆ ಕೇಳುತ್ತದೆ. ಕೊನೆಗೆ ಅದು ಹೇಳುವುದು ಇಷ್ಟೇ: ದೂರಿನಲ್ಲಿ ಹುರುಳಿದೆಯೆಂದು ನಂಬಲು ಸಾಕಷ್ಟು ಕಾರಣವಿದೆ, ಅಥವಾ ಇಲ್ಲ. ನಿಮ್ಮ 'ಸತ್ಯಾಂಶ ಕಂಡುಬಂದಲ್ಲಿ' ತಪ್ಪು. ಸತ್ಯದ ಪರೀಕ್ಷೆ ಆ ಹಂತದಲ್ಲಿ ಇನ್ನೂ ಶುರುವಾಗಿಯೇ ಇರುವುದಿಲ್ಲ. 'ಕಾರಣವಿಲ್ಲ' ಎಂದರೆ ದೂರುದಾರರು 30 ದಿನಗಳೊಳಗೆ ಆಯೋಗದ ಮುಖ್ಯಸ್ಥರಿಗೆ ಮೇಲ್ಮನವಿ ಕೊಡಬಹುದು. ಈ ಬಾಗಿಲು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇರುವುದಾದರೂ ಹೇಗೆ? ಯಾರೂ ನಿರ್ಧರಿಸಿಯೇ ಇಲ್ಲದ ಮೇಲೆ ಯಾರ ನಿರ್ಧಾರವನ್ನು ಪ್ರಶ್ನಿಸುವುದು?

'ವಿಚಾರಣೆ ನಡೆಸಲಾಗುತ್ತದೆ.' ಎಲ್ಲಿ? ಆಯೋಗದಲ್ಲಲ್ಲ. ನಗರದ್ದೇ ಆದ, ಆದರೆ ಆಯೋಗಕ್ಕೆ ಸೇರದ ಆಡಳಿತಾತ್ಮಕ ವಿಚಾರಣಾ ಕಚೇರಿಯಲ್ಲಿ, ಅಲ್ಲಿನ ನ್ಯಾಯಾಧೀಶರ ಮುಂದೆ. ಅವರು ಸಾಕ್ಷ್ಯ ಕೇಳಿ ಬರೆಯುವುದು ತೀರ್ಪಲ್ಲ, ವರದಿ ಮತ್ತು ಶಿಫಾರಸು. ಅದನ್ನು ಒಪ್ಪುವ, ತಿದ್ದುವ, ತಳ್ಳಿಹಾಕುವ ಅಧಿಕಾರ ಆಯೋಗದ್ದು. ಅಂತಿಮ ಆದೇಶವೂ ಅದರದ್ದೇ. ಅಂದರೆ ತನಿಖೆ ಮಾಡಿದ ಸಂಸ್ಥೆಯೇ ಕೊನೆಯ ಸಹಿಯನ್ನೂ ಹಾಕುತ್ತದೆ, ನಡುವೆ ಮಾತ್ರ ಹೊರಗಿನ ಒಬ್ಬರು ಕುಳಿತಿರುತ್ತಾರೆ. ಇದು ಸರಿಯೇ ಎಂದು ಓದುಗ ಕೇಳಬೇಡವೇ? ಆ ಸಹಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂಬುದು ಆಗ ತಾನೇ ಮುಖ್ಯವಾಗುವುದು? ನಿಮ್ಮ ಲೇಖನದ ಜೀವವೇ ಇಲ್ಲಿತ್ತು. ಅದನ್ನು 'ಲಾಗುತ್ತದೆ' ನುಂಗಿದೆ.

ದಂಡದ ವಿಷಯ. ಸಾಮಾನ್ಯ ಮಿತಿ 1,25,000 ಡಾಲರ್. ನೀವು ಹೇಳುವ ದೊಡ್ಡ ಮೊತ್ತ ಬೇಕೆಂದೇ, ದುರುದ್ದೇಶದಿಂದ ಮಾಡಿದ್ದಕ್ಕೆ. ಆ ಹಣ ಹೋಗುವುದು ನಗರದ ಬೊಕ್ಕಸಕ್ಕೆ. ಆ ಹೆಂಗಸಿಗೆ ಸಲ್ಲುವ ಪರಿಹಾರ ಬೇರೆ, ಅದಕ್ಕೆ ಇಂಥ ಮಿತಿಯಿಲ್ಲ. ಕೊಡುವವನನ್ನು ಬಿಟ್ಟಿರಿ, ಪಡೆಯುವವಳನ್ನೂ ಬಿಟ್ಟಿರಿ.

ಇಷ್ಟೇಕೆ ಸಿಡುಕುತ್ತಿದ್ದೇನೆಂದರೆ, ಇದು ನನ್ನದೇ ಹಳೆಯ ಕಾಯಿಲೆ. ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ನಾನು ಹೊಸಬನಾಗಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಮಾತು ಕಡಿಮೆ. ಗುಡಿಸಲುಗಳನ್ನು ಕೆಡವಿದ ಬಗ್ಗೆ ನಾನು ಬರೆದ ವರದಿಯಲ್ಲಿ ಏಳು ಕಡೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಪ್ರತಿ ಸುತ್ತಿನ ಪಕ್ಕದಲ್ಲೂ 'ಯಾರು?' ಎಂದು ಬರೆದು ಹಿಂದಕ್ಕೆ ತಳ್ಳಿದರು. ಶೈಲಿ ತಿದ್ದುವ ಕೆಲಸ, ಐದು ನಿಮಿಷ ಸಾಕು ಎಂದುಕೊಂಡು ಕುಳಿತೆ. ಏಳರಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಮತ್ತೆ ಹೋಗಿ ವಿಚಾರಿಸಿದರೆ ಎರಡು ಇಲಾಖೆಗಳು ಒಂದರತ್ತ ಒಂದು ಬೆರಳು ತೋರಿಸಿದವು. ಮರುದಿನ ಅಚ್ಚಾದ ಸುದ್ದಿ ಅದೇ. ಅವರು ಆಗಲೂ ಏನೂ ಹೇಳಲಿಲ್ಲ, ಪೆನ್ಸಿಲ್ ಚೂಪು ಮಾಡುತ್ತಿದ್ದರು.

ಇನ್ನೊಂದು ಪದ: 'ಮಾತ್ರ'. ಕಿರುಕುಳ 'ತೀವ್ರವಾಗಿದ್ದರೆ ಅಥವಾ ವ್ಯಾಪಕವಾಗಿದ್ದರೆ ಮಾತ್ರ' ದೂರು ನಿಲ್ಲುತ್ತದೆ ಎಂದಿದ್ದೀರಿ. ಅದು ಅಮೆರಿಕದ ಒಕ್ಕೂಟ ಕಾನೂನಿನ ಅಳತೆಗೋಲು. ನಗರದ ಕಾನೂನನ್ನು ಉದಾರವಾಗಿ, ಸ್ವತಂತ್ರವಾಗಿ ಓದಬೇಕೆಂದು 2005ರ ತಿದ್ದುಪಡಿ ಹೇಳಿತು. 2009ರಲ್ಲಿ ವಿಲಿಯಮ್ಸ್ ಎಂಬ ಮಹಿಳೆಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅಳತೆಗೋಲನ್ನು ಬದಿಗಿಟ್ಟು, ಹೆಣ್ಣೆಂಬ ಕಾರಣಕ್ಕೆ ಆಕೆಯನ್ನು ಇತರರಿಗಿಂತ ಕೀಳಾಗಿ ನಡೆಸಿಕೊಂಡರೇ ಎಂದು ಕೇಳಬೇಕೆಂದಿತು. ನಡೆದದ್ದು ಕ್ಷುಲ್ಲಕ ಎಂದು ತೋರಿಸುವ ಹೊಣೆ ಎದುರು ಪಕ್ಷದ್ದು. ನಿಮ್ಮ 'ಮಾತ್ರ' ಎಂಬ ಎರಡಕ್ಷರ ಮೊದಲ ಪುಟದ ಹೆಂಗಸನ್ನು ಕಚೇರಿಯ ಮೆಟ್ಟಿಲಿನಿಂದಲೇ ವಾಪಸು ಕಳುಹಿಸುತ್ತದೆ. ದೂರು ಕೊಡಲು ನೀವು ಹೇಳಿರುವ ಒಂದು ವರ್ಷದ ಗಡುವೂ ಅಷ್ಟೇ: ಕೆಲಸದ ಜಾಗದ ಲಿಂಗಾಧಾರಿತ ಕಿರುಕುಳಕ್ಕೆ ಮೂರು ವರ್ಷಗಳಿವೆ.

ಕೊನೆಯ ಸಾಲು, 'ಆಕೆಗೆ ನ್ಯಾಯ ದೊರಕಿಸಿಕೊಡಲಾಯಿತು.' ಆಯೋಗ ಆದೇಶ ಹೊರಡಿಸಿತೇ, ಅಥವಾ ಆಕೆ ರಾಜಿಪತ್ರಕ್ಕೆ ಸಹಿ ಹಾಕಿದಳೇ? ರಾಜಿಯಾದರೆ ತೀರ್ಪೇ ಇರುವುದಿಲ್ಲ. ಆಕೆಯನ್ನೇ ಕೇಳಿ ತಿಳಿದುಕೊಂಡು ಬರೆದು ಕಳುಹಿಸಿ. ನಿಮಗೆ ಕೊಟ್ಟಿದ್ದ ಮಿತಿಯನ್ನು ಇನ್ನೂರು ಪದಗಳಷ್ಟು ಹೆಚ್ಚಿಸಿದ್ದೇನೆ, ಕರ್ತೃಗಳಿಗೆ ಜಾಗ ಬೇಕಲ್ಲ.

– ಸಂಪಾದಕ