ದೊಡ್ಡ ಆಪೂಸು ಮಾವು ಜಾಸ್ತಿ ದಿನ ತಡೆಯುತ್ತಾ?

ಪ್ರಶ್ನೆ: ವಾಶಿ ಮಾರ್ಕೆಟ್‌ನಲ್ಲಿ ದೊಡ್ಡ ಕಾಯಿಯ ಪೇಟಿಗೆ ಜಾಸ್ತಿ ದುಡ್ಡು ಕೇಳಿದರು. ದೊಡ್ಡದು ಹೆಚ್ಚು ದಿನ ತಡೆಯುತ್ತದಂತೆ. ನಿಜವೇ? (ಡೊಂಬಿವಿಲಿ)

ಉತ್ತರ: ಸೀಸನ್ ಬಂತೆಂದರೆ ಇದೇ ಪ್ರಶ್ನೆ. ಮಾರುವವರು ಹೇಳುವುದು ಅರ್ಧ ನಿಜ, ದುಡ್ಡು ಮಾತ್ರ ಪೂರ್ತಿ ತೆಗೆದುಕೊಳ್ಳುತ್ತಾರೆ.

ಕೊಯ್ದ ಕಾಯಿಯ ನೀರು ಸಿಪ್ಪೆಯಿಂದ ಆರುತ್ತದೆ. 300 ಗ್ರಾಂ ಕಾಯಿಗೆ ಹೋಲಿಸಿದರೆ 150 ಗ್ರಾಂ ಕಾಯಿಗೆ ತೂಕದ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಜಾಸ್ತಿ ಸಿಪ್ಪೆ ಇರುತ್ತದೆ. ಹಾಗಾಗಿ ಸಣ್ಣದು ಬೇಗ ಸುಕ್ಕಾಗುತ್ತದೆ. ಗಾತ್ರದ ಪಾಲು ಇಷ್ಟೇ.

ಉಳಿದದ್ದೆಲ್ಲ ಬಲಿತ ಹದ ಮತ್ತು ಸೆಕೆಯ ಕೆಲಸ. ಎಳೆಯದನ್ನು ಕಿತ್ತರೆ ಎಷ್ಟೇ ದೊಡ್ಡದಿರಲಿ, ರುಚಿಗೆ ಬರುವುದಿಲ್ಲ, ಸುಮ್ನೆ ಬಾಡುತ್ತದೆ. ತೊಟ್ಟಿನ ಪಕ್ಕ ನೋಡಿ. ಅಲ್ಲಿ ಭುಜ ತುಂಬಿಕೊಂಡು ತೊಟ್ಟು ಸ್ವಲ್ಪ ಗುಳಿಯಲ್ಲಿ ಕೂತಿದ್ದರೆ ಕಾಯಿ ಬಲಿತಿದೆ. ಭುಜ ಇಳಿಜಾರಾಗಿದ್ದರೆ ಬಿಟ್ಟುಬಿಡಿ.

ಆಪೂಸಿನಲ್ಲಿ ಇನ್ನೊಂದು ತೊಂದರೆ ಇದೆ. ಮೇಲೆ ಬಂಗಾರದಂತಿದ್ದರೂ ಕೊಯ್ದರೆ ಒಳಗೆ ಬಿಳಿಚಿಕೊಂಡ, ಸ್ಪಂಜಿನಂಥ ಹುಳಿ ತಿರುಳು ಸಿಗುತ್ತದೆ. ಇದು ದೊಡ್ಡ ಹಣ್ಣಿನಲ್ಲೇ ಜಾಸ್ತಿ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಅದಕ್ಕೇ ನಾನು ಮಧ್ಯಮ ಗಾತ್ರದವನ್ನೇ ಕೊಳ್ಳುತ್ತೇನೆ, ದೊಡ್ಡ ಪೇಟಿಯನ್ನು ಪುಕ್ಕಟೆ ಕೊಟ್ಟರೂ ಅನುಮಾನದಿಂದಲೇ ನೋಡುತ್ತೇನೆ.

ಧಾರವಾಡದಿಂದ ರಾತ್ರಿ ಬಸ್ಸಿಗೆ ಊರಿನವರು ಹಾಕಿ ಕಳಿಸುವ ಪೇಟಿಯಲ್ಲಿ ಸಣ್ಣದು ದೊಡ್ಡದು ಎಲ್ಲ ಬೆರೆತಿರುತ್ತದೆ. ಬಂದ ಕೂಡಲೇ ಬಿಚ್ಚಿ, ಹುಲ್ಲಿನ ಮೇಲೆ ಒಂದೇ ಸಾಲಾಗಿ ಹರಡಿ. ಮೊದಲು ಹಣ್ಣಾದದ್ದು ಬಿಡುವ ಎಥಿಲೀನ್ ಅನಿಲ ಪಕ್ಕದವನ್ನೂ ಹಣ್ಣು ಮಾಡುತ್ತದೆ, ಆದ್ದರಿಂದ ಅದನ್ನು ಆಗಾಗ ಆರಿಸಿ ತೆಗೆಯಿರಿ. ಸಣ್ಣವನ್ನು ಮೊದಲು ತಿನ್ನಿ.

ಪ್ರಶ್ನೆ: ಕಾಯಿಯನ್ನೇ ಫ್ರಿಜ್‌ನಲ್ಲಿಟ್ಟರೆ? (ಠಾಣೆ)

ಉತ್ತರ: ಬೇಡವೇ ಬೇಡ, 12 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗಿ ಹಣ್ಣಾಗುವುದೇ ಕೆಡುತ್ತದೆ. ಹಣ್ಣಾದ ಮೇಲೆ ಇಡಿ.

ಪ್ರಶ್ನೆ: ನೀರಲ್ಲಿ ತೇಲಿದರೆ ಕಾರ್ಬೈಡ್ ಹಾಕಿದ್ದಾರೆ ಅಂತಲ್ವಾ? (ಮಾಟುಂಗಾ)

ಉತ್ತರ: ಅಲ್ಲ. ತೇಲುವ ಕಾಯಿ ಸರಿಯಾಗಿ ಬಲಿತಿರಲಿಕ್ಕಿಲ್ಲ, ಅಷ್ಟೇ. ಕಾರ್ಬೈಡ್ ಪುಡಿ ಹಾಕಿ ಹಣ್ಣು ಮಾಡುವುದಕ್ಕೆ ದೇಶದಲ್ಲೇ ನಿಷೇಧ ಇದೆ, ಪೇಟಿಯಲ್ಲಿ ಪುಡಿಯ ಪೊಟ್ಟಣ ಕಂಡರೆ ವಾಪಸ್ ಕೊಡಿ. ಹಣ್ಣಿನ ಹತ್ತಿರ ಬೆಂಕಿಕಡ್ಡಿ ಗೀರಿ ಪರೀಕ್ಷಿಸಿ ಎನ್ನುವ ವಿಡಿಯೋ ಕಳಿಸಿದ್ದೀರಿ. ದಯವಿಟ್ಟು ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.