ಗೋಧಿ, ಮಾಂಸ ಮಾರಿ ಶ್ರೀಮಂತವಾದ ದೇಶ

ಪ್ರಶ್ನೆ: ಕೃಷಿ ರಫ್ತು ಜೋರಾದರೆ ಇಡೀ ದೇಶದ ಆದಾಯ ಬೆಳೆಯುತ್ತದೆಯೇ? ಅಥವಾ ಲಾಭ ಜಮೀನ್ದಾರರಿಗೆ ಮಾತ್ರವೇ?

ಉತ್ತರ: ಬೆಳೆಯುತ್ತದೆ. ಆದರೆ ಎಷ್ಟು ಕಾಲ, ಯಾರ ಕೈಯಲ್ಲಿ ಅನ್ನೋದು ಮುಖ್ಯ ಅಲ್ವಾ? ಅರ್ಜೆಂಟೀನಾವನ್ನೇ ನೋಡಿ. 1880ರಿಂದ 1914ರವರೆಗೆ ಅಲ್ಲಿನ ಪಂಪಾಸ್ ಬಯಲಿನ ಗೋಧಿ, ಮೆಕ್ಕೆಜೋಳ, ಮಾಂಸ ಹಡಗು ಹಡಗಾಗಿ ಯುರೋಪಿಗೆ ಹೋಯಿತು. ಮಾಂಸ ಕೆಡದಂತೆ ಸಾಗಿಸುವ ಶೀತಲ ಹಡಗು ಬಂದಿತ್ತು, ಬ್ರಿಟಿಷರ ಬಂಡವಾಳದಲ್ಲಿ ರೈಲು ಹಳಿ ಹರಡಿತ್ತು, ಇಟಲಿ, ಸ್ಪೇನ್‌ಗಳಿಂದ ಲಕ್ಷಾಂತರ ಜನ ದುಡಿಯಲು ಬಂದಿಳಿದಿದ್ದರು. 1914ರ ಜನಗಣತಿಯಲ್ಲಿ ಸುಮಾರು ಶೇ. 30ರಷ್ಟು ಜನ ಹೊರದೇಶದಲ್ಲಿ ಹುಟ್ಟಿದವರು! ತಲಾ ಆದಾಯದಲ್ಲಿ ಆ ದೇಶ ಫ್ರಾನ್ಸ್, ಇಟಲಿಗಿಂತ ಮುಂದಿತ್ತು.

ಆದರೆ ಒಳ್ಳೆಯ ಭೂಮಿ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ವಲಸೆ ಬಂದವರಲ್ಲಿ ತುಂಬಾ ಜನ ಗೇಣಿದಾರರಾಗಿಯೇ ಉಳಿದರು. ನನಗೆ ಬೇಸರ ತರಿಸುವ ಸಂಗತಿ ಇದೇ. 1929ರ ನಂತರ ಜಗತ್ತಿನಲ್ಲಿ ಧಾನ್ಯದ ಬೆಲೆ ಕುಸಿದಾಗ ಆದಾಯವೂ ಕುಸಿಯಿತು, ಏಕೆಂದರೆ ಆಸರೆಗೆ ಕೃಷಿ ಬಿಟ್ಟು ಬೇರೆ ದೊಡ್ಡ ರಫ್ತು ಇರಲಿಲ್ಲ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 1929ಕ್ಕೂ ಎಷ್ಟೋ ಮೊದಲೇ ಅಮೆರಿಕದ ಅಗ್ಗದ ಧಾನ್ಯ ಬಂದು ಬೆಲೆ ಬಿದ್ದಾಗ ಅಲ್ಲಿನ ರೈತರು ಸುಮ್ನೆ ಕೂರಲಿಲ್ಲ, ಹಸು, ಹಂದಿ ಸಾಕಣೆಗೆ ತಿರುಗಿದರು. 1882ರಲ್ಲಿ ದೇಶದ ಪಶ್ಚಿಮ ಭಾಗದ ಒಂದು ಊರಿನಲ್ಲಿ ಮೊದಲ ಸಹಕಾರಿ ಡೈರಿ ಶುರುವಾಯಿತು. ಸಣ್ಣ ರೈತರ ಹಾಲೂ ದೊಡ್ಡವರ ಹಾಲಿನಂತೆ ಕೆನೆ ತೆಗೆಯುವ ಅದೇ ಯಂತ್ರಕ್ಕೆ ಬರುತ್ತಿತ್ತು, ಬೆಣ್ಣೆ ಬ್ರಿಟನ್ನಿಗೆ ಹೋಗುತ್ತಿತ್ತು, ಲಾಭ ಹಾಲು ಹಾಕಿದವರಿಗೆಲ್ಲ ಹಂಚಿಹೋಗುತ್ತಿತ್ತು.