ಸಿಆರ್‌ಎಂ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮದು ಯಂತ್ರಗಳ ಬಿಡಿಭಾಗ ಮಾರುವ ಸಣ್ಣ ಸಂಸ್ಥೆ. ಮಾರಾಟ ನೋಡಿಕೊಳ್ಳುವವರು ಆರು ಜನ. ಗ್ರಾಹಕರ ವಿವರ ಎಕ್ಸೆಲ್, ವಾಟ್ಸಾಪ್ ಎಂದು ಹಂಚಿಹೋಗಿದೆ. ಗ್ರಾಹಕರ ವಿವರ, ಮಾತುಕತೆ, ಮಾರಾಟವನ್ನೆಲ್ಲ ಒಂದೇ ಕಡೆ ಇಡುವ ಸಿಆರ್‌ಎಂ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಕೊಳ್ಳಲಿ? ಎಷ್ಟು ಹಣ ಎತ್ತಿಡಬೇಕು?

ಉತ್ತರ: ಹೆಸರಿನ ಮಾತು ಆಮೇಲೆ. ವಿಚಾರಣೆ ಬಂದಾಗಿನಿಂದ ಹಣ ಕೈಸೇರುವವರೆಗೆ ನಿಮ್ಮಲ್ಲಿ ಏನೇನು ನಡೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಗ್ರಾಹಕರು ಎಲ್ಲಿ ಕೈತಪ್ಪುತ್ತಾರೆ ಎಂಬುದು ಅಲ್ಲೇ ಕಾಣುತ್ತದೆ. ಅದನ್ನು ಸರಿಪಡಿಸುವ ಸಾಫ್ಟ್‌ವೇರ್ ಸಾಕು. ಉಳಿದ ಥಳಕು ಡೆಮೊದಲ್ಲಿ ಚೆನ್ನ.

ಇನ್ನು ಹಣ. ದರ ಸಾಮಾನ್ಯವಾಗಿ ಒಬ್ಬ ಬಳಕೆದಾರರಿಗೆ ತಿಂಗಳಿಗಿಷ್ಟು ಎಂದಿರುತ್ತದೆ. ಆದರೆ ದೊಡ್ಡಕ್ಷರದಲ್ಲಿ ಕಾಣುವ ದರ ಅನೇಕ ಸಲ ವರ್ಷದ ಹಣ ಮುಂಗಡ ಕಟ್ಟುವವರಿಗೆ ಮಾತ್ರ. ಆರು ಜನರ 12 ತಿಂಗಳ ಮೊತ್ತ ಹಾಕಿ. ಹಳೆಯ ಎಕ್ಸೆಲ್ ಶುಚಿಗೊಳಿಸಿ ತುಂಬುವುದು, ತರಬೇತಿ, ಬಿಲ್ಲಿಂಗ್‌ಗೆ ಜೋಡಣೆ, ಸಂದೇಶಗಳ ಶುಲ್ಕ, ಇವನ್ನೂ ಸೇರಿಸಿ. ಬೇಕಾದ ಒಂದೇ ಸೌಲಭ್ಯ ಮೇಲಿನ ಪ್ಲಾನಿನಲ್ಲಿದ್ದರೆ ಆರೂ ಜನರನ್ನು ಅಲ್ಲಿಗೆ ಏರಿಸಬೇಕೇ ಎಂದು ಲಿಖಿತವಾಗಿ ಕೇಳಿ. ಬಜೆಟ್ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಸೂಟ್‌ಸಿಆರ್‌ಎಂನಂಥ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಸರ್ವರ್, ಬ್ಯಾಕಪ್, ಅಪ್‌ಡೇಟ್ ನಿಮ್ಮ ತಲೆಗೆ. ತಾಂತ್ರಿಕ ಸಿಬ್ಬಂದಿ ಇಲ್ಲದಿದ್ದರೆ ನಾನಂತೂ ಬೇಡವೆನ್ನುತ್ತೇನೆ.

ಎರಡು ಸಾಫ್ಟ್‌ವೇರ್ ಆರಿಸಿ, ಉಚಿತ ಪ್ರಯೋಗದ ಅವಧಿಯಲ್ಲಿ ನಿಜವಾದ ಕೆಲವು ಗ್ರಾಹಕರ ವಿವರ ತುಂಬಿ. ಕಂಪ್ಯೂಟರ್ ಕಂಡರೆ ಮುಖ ಸಿಂಡರಿಸುವವರ ಕೈಗೇ ಮೊದಲು ಕೊಡಿ. ಟಿಪ್ಪಣಿ, ಕಡತಗಳ ಸಮೇತ ಎಲ್ಲ ಮಾಹಿತಿ ಹೊರತೆಗೆಯಲು ಬರುತ್ತದೆಯೇ ಎಂದೂ ಆಗಲೇ ಪರೀಕ್ಷಿಸಿ.